ಮಟನ್ ಸ್ಟ್ರೀಟಿನ ಗೇಣುದ್ದದ ಖಡ್ಗಗಳು: ಮಾಲಿಗೆ ನಾಲ್ಕು ಅಂಕ, ಮಾತಿಗೆ ಒಂದು

ಸೈನಿಕ ಖಡ್ಗ, ಬಾಕುಗಳ ಕಿರುಪ್ರತಿಗಳನ್ನು ಸಂಗ್ರಹಿಸುವವರಿಗೆ ಮುಂಬಯಿಯ ಚೋರ್ ಬಜಾರ್ ಒಳ್ಳೆಯ ಶಾಲೆ, ಕೆಟ್ಟ ಸಾಕ್ಷಿ. ಕೈಯಲ್ಲಿ ಹಿಡಿದು ಒಂದರ ಪಕ್ಕ ಇನ್ನೊಂದನ್ನು ಇಟ್ಟು ಹೋಲಿಸಲು ಇಲ್ಲಿ ಸಿಗುವಷ್ಟು ಮಾಲು ಸುಲಭವಾಗಿ ಬೇರೆಡೆ ಸಿಗದು. ಅದಕ್ಕೆ ಐದರಲ್ಲಿ ನಾಲ್ಕು ಅಂಕ. ಮಾಲಿನ ವಯಸ್ಸು, ಮೂಲ, ಯಾವ ಪಲ್ಟನ್ನಿನ ಯಾವ ಸಾಹೇಬನ ಮೇಜಿನ ಮೇಲಿತ್ತು ಎಂಬ ವಿವರಣೆಗೆ ಒಂದು ಅಂಕ ಕೊಟ್ಟರೂ ಧಾರಾಳವೇ. ಕೌಂಟರಿನ ಮೇಲಿರುವ ಲೋಹಕ್ಕೆ ಹಣ ಕೊಡಿ, ಅದರ ಜತೆಗೆ ಬರುವ ಕಥೆಗೆ ಬೇಡ. ಈ ವಿಮರ್ಶೆ ಆ ಲೋಹವನ್ನು ಓದುವ ಬಗೆಯ ಕುರಿತು.

ಅಂಗಡಿಗಳ ಸಾಲು ಇರುವುದು ಭೆಂಡಿ ಬಜಾರಿನ ಹಿಂದಿನ ಮಟನ್ ಸ್ಟ್ರೀಟಿನಲ್ಲಿ. ಮಾಟುಂಗ, ಡೊಂಬಿವಲಿ ಕಡೆಯವರಿಗೆ ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಷನ್ ಹತ್ತಿರ. ಅಂಧೇರಿ, ಬೊರಿವಲಿಯಿಂದ ಬರುವವರು ಗ್ರಾಂಟ್ ರೋಡಿನಲ್ಲಿ ಇಳಿದು ನಡೆಯಬಹುದು. ಶುಕ್ರವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಅಂದು ಬೆಳಗಿನ ಜಾವ ಬೀದಿಯಲ್ಲೇ ಹಳೇ ಸಾಮಾನು ಹರಡಿಕೊಂಡು ಕೂರುವವರದ್ದು ಬೇರೆಯೇ ಸಂತೆ. ಅಲ್ಲಿ ಬೆಲೆ ಕಡಿಮೆ, ಬೆಳಕೂ ಕಡಿಮೆ. ಖಡ್ಗದ ಕಿರುಪ್ರತಿಯನ್ನು ಟಾರ್ಚಿನ ಬೆಳಕಿನಲ್ಲಿ ಕೊಳ್ಳುವುದು ಜೂಜು. ಹಗಲು ಹನ್ನೊಂದರ ನಂತರ, ವಾರದ ನಡುವಿನ ದಿನ ಹೋದರೆ ಅಂಗಡಿಯವರಿಗೂ ಪುರುಸೊತ್ತು ಇರುತ್ತದೆ.

ಇಲ್ಲಿ "ಮಿನಿಯೇಚರ್ ತಲ್ವಾರ್" ಎಂಬ ಒಂದೇ ಹೆಸರಿನಡಿ ಐದು ಬೇರೆ ಬೇರೆ ಕುಲದ ವಸ್ತುಗಳು ಮಾರಾಟವಾಗುತ್ತವೆ. ಅಸಲಿಯೋ ನಕಲಿಯೋ ಎಂದು ಕೇಳುವ ಮುನ್ನ ಯಾವ ಕುಲದ್ದು ಎಂದು ಕೇಳಬೇಕು. ಮೊದಲನೆಯದು, ಪೂರ್ಣ ಗಾತ್ರದ ಖಡ್ಗ ತಯಾರಿಸುತ್ತಿದ್ದ ಕಾರ್ಖಾನೆಗಳೇ ವ್ಯಾಪಾರದ ಮಾದರಿಯಾಗಿ ಅಥವಾ ಗಿರಾಕಿಗಳಿಗೆ ಕಾಣಿಕೆಯಾಗಿ ಮಾಡಿಸಿದ ಕಿರುಪ್ರತಿ. ಜರ್ಮನಿಯ ಸೋಲಿಂಗೆನ್ ಪಟ್ಟಣದ 1930ರ ದಶಕದ ಪೀಸ್‌ಗಳು ಈ ಗುಂಪಿಗೆ ಸೇರುತ್ತವೆ. ಎರಡನೆಯದು, ಪಲ್ಟನ್ನಿನ ಲಾಂಛನ ಹೊತ್ತು ನಿವೃತ್ತಿಗೋ ವರ್ಗಾವಣೆಗೋ ಕೊಡುವ ಕಾಗದ ಕತ್ತರಿಸುವ ಕತ್ತಿ; ಲಂಡನ್ನಿನ ವಿಲ್ಕಿನ್‌ಸನ್ ಸ್ವೋರ್ಡ್ ಕಂಪನಿಯೂ ಇಂಥವನ್ನು ಮಾಡಿದೆ. ಮೂರನೆಯದು ಪ್ರವಾಸಿಗರ ಸ್ಮರಣಿಕೆ: ಸ್ಪೇನಿನ ಟೊಲೆಡೊ, ಜಪಾನ್, ನೇಪಾಳದ್ದು. ನಾಲ್ಕನೆಯದು ಡೆಹ್ರಾಡೂನ್, ಮೊರಾದಾಬಾದ್, ರಾಜಸ್ಥಾನದ ಇಂದಿನ ಅಲಂಕಾರದ ಮಾಲು. ಐದನೆಯದನ್ನು ಹಲವರು ಗುರುತಿಸುವುದೇ ಇಲ್ಲ. ಅದು ದೇವರ ಆಯುಧ. ಜೆಜುರಿಯ ಖಂಡೋಬನಿಗೆ, ನಮ್ಮ ಕಡೆಯ ಮೈಲಾರಲಿಂಗನಿಗೆ, ದೇವಿಯರ ಮೂರ್ತಿಗಳಿಗೆ ಹಿಡಿಸುವ ಹಿತ್ತಾಳೆ, ಬೆಳ್ಳಿಯ ಪುಟ್ಟ ಖಡ್ಗ. ಮೂರ್ತಿಯಿಂದ ಬೇರ್ಪಟ್ಟು ಬಂದ ಇದನ್ನು "ಮರಾಠಾ ಸರದಾರನ ಮಿನಿಯೇಚರ್" ಎಂದು ಮಾರುವುದುಂಟು. ಹಿಡಿ ದೇವರ ಮುಷ್ಟಿಯ ತೂತಿಗೆ ಹೊಂದುವಂತೆ ಸಪೂರ ಸಲಾಕೆಯಾಗಿದ್ದರೆ, ಅಲಗಿಗೆ ಒರೆಯೇ ಇರದಿದ್ದರೆ, ಅರಿಶಿನ ಕುಂಕುಮದ ಕರೆ ಸಂದಿಯಲ್ಲಿ ಕೂತಿದ್ದರೆ ಅದು ಸೈನ್ಯದ್ದಲ್ಲ, ದೇವರದು. ವಸ್ತುವಾಗಿ ಅದು ಅಪ್ಪಟವೇ. ಹೆಸರು ಮಾತ್ರ ಸುಳ್ಳು.

ಕೌಂಟರಿಗೆ ಹೋಗುವಾಗ ಜೇಬಿನಲ್ಲಿ ನಾಲ್ಕು ಸಾಮಾನು ಸಾಕು: ಅಕ್ಕಸಾಲಿಗರು ಬಳಸುವ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್, ಕಡಲೆಕಾಳಿನಷ್ಟು ಅಯಸ್ಕಾಂತ, ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚು, ಆರು ಇಂಚಿನ ಸ್ಟೀಲ್ ಸ್ಕೇಲು. ಪರೀಕ್ಷೆಯ ಕ್ರಮವೂ ಮುಖ್ಯ. ಮೊದಲೇ ಲೂಪ್ ತೆಗೆದರೆ ಗಿರಾಕಿ ತಿಳಿದವನೆಂದು ಬೆಲೆ ಏರುತ್ತದೆ ಎಂಬ ನಂಬಿಕೆ ಇದೆ; ನಮ್ಮ ಅಭಿಪ್ರಾಯದಲ್ಲಿ ಆಗುವುದು ಉಲ್ಟಾ, ಕಥೆ ಗಿಡ್ಡವಾಗುತ್ತದೆ.

ಅಯಸ್ಕಾಂತವನ್ನು ಮೂರು ಕಡೆ ಬೇರೆ ಬೇರೆಯಾಗಿ ಹಚ್ಚಿ: ಅಲಗು, ಒರೆ, ಹಿಡಿ. ಅಲಗು ಅಂಟದಿದ್ದರೆ ಅದು ಹಿತ್ತಾಳೆ, ಸತುವಿನ ಮಿಶ್ರಲೋಹ, ಅಲ್ಯುಮಿನಿಯಂ ಅಥವಾ ಅಡುಗೆ ಪಾತ್ರೆಯ ಜಾತಿಯ ಸ್ಟೇನ್‌ಲೆಸ್. ಕಾರ್ಖಾನೆಯ ಕಿರುಪ್ರತಿ ಎಂದು ಮಾರುವ ಪೀಸಿನಲ್ಲಿ ಅಲಗು ಉಕ್ಕಿನದಾಗಿರಬೇಕು. ಒರೆ ಸಾಮಾನ್ಯವಾಗಿ ಮೋಸ ಬಯಲು ಮಾಡುವ ಜಾಗ. ಉಕ್ಕಿನ ತಗಡನ್ನು ಸುತ್ತಿ ಬೆಸೆದು ಕಪ್ಪು ಬಣ್ಣ ಕೊಡುವುದು ಖರ್ಚಿನ ಕೆಲಸ. ಸತುವನ್ನು ಎರಕ ಹೊಯ್ದು ಕಪ್ಪು ಸ್ಪ್ರೇ ಹೊಡೆಯುವುದು ಅಗ್ಗ. ಉಕ್ಕಿನ ಅಲಗಿಗೆ ಸತುವಿನ ಒರೆ ಜೋಡಿಯಾಗಿದ್ದರೆ ಅವೆರಡೂ ಒಂದೇ ಕಾಲದವು ಎಂದು ಒಪ್ಪಬೇಡಿ. ಅಯಸ್ಕಾಂತ ಅಂಟಿತು ಎಂದಾಕ್ಷಣ ಅಸಲಿ ಎಂದೂ ಹಿಗ್ಗಬೇಡಿ, ಡೆಹ್ರಾಡೂನಿನ ಮಾಲೂ ಉಕ್ಕಿನದೇ.

ಆಮೇಲೆ ಲೂಪ್. ಮೊದಲು ಬೆರಳುಗಳನ್ನು ಕಾಯುವ ತಟ್ಟೆಯ ಅಂಚು, ಅಂದರೆ ಕೈಗಾಪಿನ ಅಂಚು ನೋಡಿ. ಎರಡು ತುಂಡಿನ ಅಚ್ಚಿನಲ್ಲಿ ಎರಕ ಹೊಯ್ದರೆ ಅಚ್ಚುಗಳು ಕೂಡುವಲ್ಲಿ ಕೂದಲೆಳೆಯಂಥ ಏಣು ಏಳುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆದಿದ್ದರೂ ಅಂಚಿನ ಉದ್ದಕ್ಕೂ ಒಂದೇ ದಿಕ್ಕಿನ ಗೀರು ಉಳಿದಿರುತ್ತದೆ. ಕೈಗಾಪು, ಹಿಡಿ, ಅಲಗು ಮೂರೂ ಒಂದೇ ಎರಕವಾಗಿದ್ದರೆ ಮಾತೇ ಬೇಡ, ಅದು ಅಲಂಕಾರದ ವಸ್ತು. ಮರಳಿನ ಅಚ್ಚಿನ ಎರಕದಲ್ಲಿ ಸೂಜಿಮೊನೆಯಷ್ಟು ಕುಳಿಗಳು ಕಾಣುತ್ತವೆ, ಅದರಲ್ಲೂ ಸಿಂಹದ ಕೇಸರ, ಓಕ್ ಎಲೆಗಳ ತಳದಲ್ಲಿ. ಉಕ್ಕಿನ ಅಚ್ಚಿನಿಂದ ಒತ್ತಿ ಮಾಡಿದ್ದರೆ ಎಲೆಯ ನರಗಳು ಚೂಪು, ತಳ ನುಣುಪು. ಅಸಲಿ ಪೀಸೊಂದನ್ನೇ ಅಚ್ಚಿಗೆ ಬಳಸಿ ಎರಕ ತೆಗೆದಾಗ ಎರಡು ಸಂಗತಿ ಆಗುತ್ತವೆ. ವಿವರಗಳೆಲ್ಲ ಸಾಬೂನಿನಂತೆ ಸವೆದು ಕಾಣುತ್ತವೆ. ಆರಿದ ಲೋಹ ಕುಗ್ಗುವುದರಿಂದ ಹಿತ್ತಾಳೆಯ ಪ್ರತಿ ಮೂಲಕ್ಕಿಂತ ನೂರಕ್ಕೆ ಒಂದೆರಡು ಪಾಲು ಗಿಡ್ಡವಾಗುತ್ತದೆ. ಅಸಲಿಯ ಅಳತೆ ಮೊದಲೇ ಗೊತ್ತಿದ್ದವರಿಗೆ ಸ್ಕೇಲು ಉಪಯೋಗಕ್ಕೆ ಬರುವುದು ಇಲ್ಲಿ.

ಅಕ್ಷರ, ಮುದ್ರೆಗಳನ್ನು ಓದುವುದಕ್ಕಿಂತ ಅವು ಮೂಡಿದ ಬಗೆಯನ್ನು ನೋಡಬೇಕು. ಆಮ್ಲದಿಂದ ಕೊರೆದ ಬರಹದಲ್ಲಿ ಅಂಚು ಚೂಪಾಗಿ, ತಳ ಸಪಾಟಾಗಿ ಮಂಜು ಹಿಡಿದ ಗಾಜಿನಂತೆ ಇರುತ್ತದೆ. ಉಳಿಯಿಂದ ಹೊಡೆದ ಮುದ್ರೆಯಲ್ಲಿ ಅಕ್ಷರದ ಸುತ್ತ ಲೋಹ ಸ್ವಲ್ಪ ಉಬ್ಬಿರುತ್ತದೆ. ಲೇಸರಿನಲ್ಲಿ ಬರೆದಿದ್ದರೆ ಅಕ್ಷರದೊಳಗೆ ಸಮಾನಾಂತರ ಗೆರೆಗಳ ಸಾಲು, ಕೆಲವೊಮ್ಮೆ ಅಂಚಿನಲ್ಲಿ ಕಂದು ಸುಟ್ಟ ಬಣ್ಣ. ಲೇಸರಿನ ಗೆರೆ ಕಂಡರೆ ಮುದ್ರೆ ಯಾವ ಕಂಪನಿಯದಾದರೂ ಪೀಸನ್ನು ಕೆಳಗಿಡಿ. ಇನ್ನೊಂದು, ಕೈಗಾಪಿನ ಒಳಬದಿಯಲ್ಲೋ ಅಲಗಿನ ಬುಡದಲ್ಲೋ ಒಂದು ಸೆಂಟಿಮೀಟರಿನಷ್ಟು ಜಾಗ ಮಾತ್ರ ತಗ್ಗಾಗಿ, ಬೇರೆ ಹೊಳಪಿನಲ್ಲಿದ್ದರೆ ಅಲ್ಲಿ "ಇಂಡಿಯಾ" ಎಂದೋ "ಜಪಾನ್" ಎಂದೋ ಇದ್ದುದನ್ನು ಉಜ್ಜಿ ಅಳಿಸಿರುವ ಸಾಧ್ಯತೆ ಹೆಚ್ಚು. ಅಳಿಸದೆ ಬಿಟ್ಟ ದೇಶದ ಹೆಸರು ನಮಗೆ ಉಪಕಾರಿ: "ಆಕ್ಯುಪೈಡ್ ಜಪಾನ್" ಎಂದಿದ್ದರೆ ಅದು ಆ ದೇಶ ಮಿತ್ರಪಡೆಗಳ ವಶದಲ್ಲಿದ್ದ, 1952ರವರೆಗಿನ ಕಾಲದ್ದು, "ವೆಸ್ಟ್ ಜರ್ಮನಿ" ಎಂದಿದ್ದರೆ 1949ರ ನಂತರದ್ದು.

ಹಳೆಯ ಬಣ್ಣವನ್ನು ನಕಲು ಮಾಡುವ ಕಲೆಯಲ್ಲಿ ಈ ಪೇಟೆ ಪಳಗಿದೆ. ಹಿತ್ತಾಳೆಗೆ ಅಮೋನಿಯಾದ ಹಬೆ, ಗಂಧಕದ ದ್ರಾವಣ. ಉಕ್ಕಿಗೆ ಉಪ್ಪು ಮತ್ತು ವಿನೆಗರ್. ಕೊನೆಗೆ ಬೂಟ್ ಪಾಲಿಷ್. ಹೊಸ ತುಕ್ಕು ಕಿತ್ತಳೆ ಬಣ್ಣದ ಪುಡಿ, ಬೆರಳಿಗೆ ಹತ್ತುತ್ತದೆ. ಹಳೆಯದು ಗಾಢ ಕಂದು, ಗಟ್ಟಿ, ಅದರಡಿಯಲ್ಲಿ ಲೋಹ ತಿಂದ ಗುಳಿ ಇರುತ್ತದೆ. ನಿಜವಾದ ಬಳಕೆಯ ಹಿಡಿಯಲ್ಲಿ ಬೆರಳು ತಾಗುವ ಉಬ್ಬುಗಳು ತಿಳಿಯಾಗಿ, ತಗ್ಗುಗಳು ಕಪ್ಪಾಗಿರುತ್ತವೆ. ನಕಲಿಯಲ್ಲಿ ಎಲ್ಲ ಕಡೆ ಒಂದೇ ಕಪ್ಪು. ಉಗುರಿನ ಬಣ್ಣ ತೆಗೆಯುವ ದ್ರಾವಣ ಅದ್ದಿದ ಹತ್ತಿಯಿಂದ, ಅಂಗಡಿಯವನ ಒಪ್ಪಿಗೆ ಪಡೆದು, ಒರೆಯ ಹಿಂಬದಿಯ ಒಂದು ಮೂಲೆ ಒರೆಸಿದರೆ ಬೂಟ್ ಪಾಲಿಷ್ಷೂ ಮೆರುಗೆಣ್ಣೆಯೂ ಕಿತ್ತು ಬರುತ್ತವೆ, ಕಿಲುಬು ಬರುವುದಿಲ್ಲ. ಪ್ಲಾಸ್ಟಿಕ್ ಹಿಡಿಯ ಹತ್ತಿರ ಮಾತ್ರ ಈ ದ್ರಾವಣ ತರಬೇಡಿ, ಹಳೆಯ ಸೆಲ್ಯುಲಾಯ್ಡ್ ಕರಗಿ ಅಂಟಾಗುತ್ತದೆ.

ಇದರ ಜತೆಗೇ ವಿರುದ್ಧ ಎಚ್ಚರವೂ ಬೇಕು. ಮಟನ್ ಸ್ಟ್ರೀಟಿನಲ್ಲಿ ಅಸಲಿ ಹಳೆಯ ಮಾಲನ್ನೂ ಬಫಿಂಗ್ ಚಕ್ರಕ್ಕೆ ಹಿಡಿದು ಫಳಫಳ ಮಾಡಿಟ್ಟಿರುತ್ತಾರೆ, ಗಿರಾಕಿಗೆ ಹೊಳಪು ಬೇಕು ಎಂದು. ಹಾಗಾಗಿ ಹೊಳೆಯುವುದೆಲ್ಲ ಹೊಸದು ಎಂದು ತಳ್ಳಿಹಾಕಿದರೆ ಒಳ್ಳೆಯ ಪೀಸು ಕೈತಪ್ಪುತ್ತದೆ. ಬಫ್ ಚಕ್ರ ತಲುಪದ ಜಾಗಗಳು ಮೂರು: ಕೈಗಾಪಿನ ತಳ, ಒರೆಯ ಬಾಯಿಯ ಒಳಗೋಡೆ, ಹಿಡಿಯ ತುದಿಯ ಗುಬ್ಬಿಯ, ಅಂದರೆ ಗುಂಡುತಲೆಯ, ಕೆಳಗಿನ ಸಂದಿ. ಅಲ್ಲಿ ದಶಕಗಳ ಕಾಲ ಪಾಲಿಷ್ ಹಚ್ಚಿದ್ದರ ಹಸಿರುಬಿಳುಪಿನ ಗಟ್ಟಿ ಗಷ್ಟು ಕೂತಿದ್ದರೆ ಅದು ಒಳ್ಳೆಯ ಲಕ್ಷಣ. ಅಲಗನ್ನು ಒರೆಗೆ ಹಾಕಿ ತೆಗೆಯಿರಿ. ಎಷ್ಟೋ ಸಲ ಹೋಗಿ ಬಂದಿದ್ದರೆ ಅಲಗಿನ ಉದ್ದಕ್ಕೂ ಸಣ್ಣ ಗೀರುಗಳು ಇರಲೇಬೇಕು. ಒರೆ ಸವೆದು ಸಣ್ಣಗಾಗಿದೆ, ಅಲಗಿನಲ್ಲಿ ಗೀರೇ ಇಲ್ಲ ಎಂದರೆ ಎರಡೂ ಬೇರೆ ಬೇರೆ ಮನೆಯವು.

ಲೇಪನವೂ ಕಾಲ ಹೇಳುತ್ತದೆ. ನಿಕ್ಕಲ್ ಲೇಪನ ತುಸು ಹಳದಿ ಛಾಯೆಯ ಬೆಚ್ಚಗಿನ ಬಿಳುಪು, ಕ್ರೋಮ್ ನೀಲಿ ಛಾಯೆಯ ತಣ್ಣನೆ ಬಿಳುಪು. ಎರಡನ್ನೂ ಬಿಳಿ ಕಾಗದದ ಮೇಲಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕ್ರೋಮ್ ಲೇಪನ ವ್ಯಾಪಾರದ ಮಟ್ಟಕ್ಕೆ ಬಂದದ್ದು 1920ರ ದಶಕದಲ್ಲಿ. "ವಿಕ್ಟೋರಿಯಾ ರಾಣಿ ಜಮಾನೇ ಕಾ" ಎಂದು ತೋರಿಸುವ ಕ್ರೋಮ್ ಅಲಗಿನ ವಾದ ಅಲ್ಲಿಗೇ ಬೀಳುತ್ತದೆ. ತಲೆಯಲ್ಲಿ ಕೂಡುವ ಚಿಹ್ನೆಯಂಥ (+) ಗೀಟಿರುವ, ಅಂದರೆ ಫಿಲಿಪ್ಸ್ ಮಾದರಿಯ ಸ್ಕ್ರೂ ಚಲಾವಣೆಗೆ ಬಂದದ್ದು 1930ರ ದಶಕದ ನಡುವಿನಲ್ಲಿ. ಜಾಮಕ್ ಎಂಬ ಸತುವಿನ ಎರಕದ ಲೋಹ 1929ರದು. ಸತು ಇದ್ದ ಮಾತ್ರಕ್ಕೆ ನಕಲಿ ಎನ್ನಲೂ ಬರುವುದಿಲ್ಲ: ಎರಡನೇ ಮಹಾಯುದ್ಧದ ಕಮಾಂಡೊಗಳ ಫೇರ್‌ಬೇರ್ನ್-ಸೈಕ್ಸ್ ಬಾಕುವಿನ ಮೂರನೇ ಮಾದರಿಯಲ್ಲಿ ಪೂರ್ಣ ಗಾತ್ರದ ಹಿಡಿಯೇ ಉಂಗುರ ಉಂಗುರವಾದ ಮಿಶ್ರಲೋಹದ ಎರಕ. ಅದರ ಕಿರುಪ್ರತಿಯ ಹಿಡಿ ಎರಕದ್ದಾಗಿದ್ದರೆ ತಪ್ಪೇನಿಲ್ಲ. ಆದರೆ ಆ ಬಾಕು ತಯಾರಾದದ್ದೇ 1941ರಲ್ಲಿ. "ಮೊದಲ ಮಹಾಯುದ್ಧದ್ದು" ಎಂದು ಅದನ್ನು ತೋರಿಸುವವರೂ ಇದ್ದಾರೆ.

ಬ್ರಿಟಿಷ್ ಮತ್ತು ಭಾರತೀಯ ಸೈನ್ಯದ ಪೀಸ್‌ಗಳಲ್ಲಿ ಕಿರೀಟವೇ ಕ್ಯಾಲೆಂಡರ್. ಕಿರೀಟದ ಕಮಾನುಗಳು ಗುಮ್ಮಟದಂತೆ ಮೇಲೆ ಉಬ್ಬಿದ್ದರೆ ಅದು ಟ್ಯೂಡರ್ ಕಿರೀಟ, 1901ರಿಂದ 1952ರವರೆಗಿನ ರಾಜರ ಕಾಲದ್ದು (2022ರಲ್ಲಿ ಮೂರನೇ ಚಾರ್ಲ್ಸ್ ಈ ಬಗೆಯನ್ನು ಮತ್ತೆ ತಂದಿದ್ದಾರೆ). ಕಮಾನುಗಳು ನಡುವೆ ತಗ್ಗಿ ಎರಡು ಭುಜಗಳಂತೆ ಕಂಡರೆ ಅದು ಎರಡನೇ ಎಲಿಜಬೆತ್ ಆಳ್ವಿಕೆಯ ಸೇಂಟ್ ಎಡ್ವರ್ಡ್ ಕಿರೀಟ. ಜಾರ್ಜ್ ರಾಜನ "ಜಿಆರ್" ಅಕ್ಷರಗಳ ಮೇಲೆ ಈ ತಗ್ಗು ಕಿರೀಟ ಕೂತಿದ್ದರೆ ಆ ಪೀಸು ಯಾವ ರಾಜನ ಕಾಲದ್ದೂ ಅಲ್ಲ. ಭಾರತೀಯ ಸೈನ್ಯದಲ್ಲಿ 1950ರ ಜನವರಿ 26ರಂದು ಗಣರಾಜ್ಯವಾದ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. ಆದ್ದರಿಂದ "ಇಐಐಆರ್" ಎಂಬ ರಾಣಿಯ ಅಕ್ಷರಗಳಿರುವ ಕಿರುಪ್ರತಿಯನ್ನು "ಸ್ವಾತಂತ್ರ್ಯಪೂರ್ವ ಇಂಡಿಯನ್ ಆರ್ಮಿ" ಎಂದು ಹೇಳಿದರೆ ನಕ್ಕು ಮುಂದೆ ಹೋಗಿ. ಅಶೋಕ ಸಿಂಹ ಇರುವವನ್ನು ಕೀಳಾಗಿ ಕಾಣುವ ಅಭ್ಯಾಸ ಸಂಗ್ರಹಕಾರರಲ್ಲಿ ಇದೆ, ಅದು ಸರಿಯಲ್ಲ. 1950, 60ರ ದಶಕದ ಪಲ್ಟನ್ ಕಾಣಿಕೆಗಳಲ್ಲಿ ಕೆಲಸ ಚೆನ್ನಾಗಿದೆ, ನಕಲು ಮಾಡುವವರಿಗೆ ಅವುಗಳ ಮೇಲೆ ಇನ್ನೂ ಕಣ್ಣು ಬಿದ್ದಿಲ್ಲ, ಬೆಲೆಯೂ ಕೈಗೆಟುಕುತ್ತದೆ.

ಅಳತೆಯ ಲೆಕ್ಕ ಇನ್ನೊಂದು ಆಧಾರ. 1897ರ ಮಾದರಿಯ ಪದಾತಿ ಅಧಿಕಾರಿಯ ಖಡ್ಗದ ಅಲಗು 32.5 ಇಂಚು. ನಾಲ್ಕನೇ ಒಂದಂಶಕ್ಕೆ ಇಳಿಸಿದರೆ 8 ಇಂಚು ಚಿಲ್ಲರೆ. ಕಾರ್ಖಾನೆಯ ಮಾದರಿಯಲ್ಲಿ ಹಿಡಿಯೂ ಅದೇ ಪ್ರಮಾಣದಲ್ಲಿ ಇಳಿದು, ಎರಡು ಬೆರಳಲ್ಲಿ ಹಿಡಿಯುವಷ್ಟು ಚಿಕ್ಕದಾಗಬೇಕು. ಕಾಗದ ಕತ್ತರಿಸುವ ಕತ್ತಿಯಲ್ಲಿ ಹಾಗಲ್ಲ. ಮುಷ್ಟಿಗೆ ಸಿಗಬೇಕಲ್ಲ, ಹಿಡಿ ಅಲಗಿನ ಅರ್ಧದಷ್ಟು ಉದ್ದ ಇರುತ್ತದೆ. ಅದು ದೋಷವಲ್ಲ, ಎರಡನೇ ಕುಲದ ಗುರುತು. ದೋಷವಾಗುವುದು ಅದನ್ನೇ "ಸೇಲ್ಸ್‌ಮನ್ ಸ್ಯಾಂಪಲ್" ಎಂದು ಮಾರಿದಾಗ. ಆ 1897ರ ಮಾದರಿಯಲ್ಲಿ ಕೈಗಾಪು ಉಕ್ಕಿನದು, ಒಳ ಅಂಚು ಕೆಳಕ್ಕೆ ಮಡಚಿರುತ್ತದೆ. ಈ ಬೀದಿಯಲ್ಲಿ ಅದೇ ಆಕಾರದ ಕೈಗಾಪನ್ನು ಹಳದಿ ಹಿತ್ತಾಳೆಯಲ್ಲಿ, ಮಡಿಕೆಯಿಲ್ಲದೆ ಎರಕ ಹೊಯ್ದವು ರಾಶಿ ಇವೆ. ಅವೆಲ್ಲ ನಾಲ್ಕನೇ ಕುಲ. ವಿಲ್ಕಿನ್‌ಸನ್ ಹೆಸರಿನ ಜತೆ ಅಲಗಿನ ಬೆನ್ನಿನ ಮೇಲೆ ನಾಲ್ಕೈದು ಅಂಕಿಗಳ ಸಂಖ್ಯೆ ಕೆತ್ತಿ, "ಲಂಡನ್ನಿನ ದಫ್ತರದಲ್ಲಿ ನೋಡಿಕೊಳ್ಳಿ" ಎನ್ನುವುದೂ ಒಂದು ವರಸೆ. 1850ರ ದಶಕದಿಂದ ಕಂಪನಿ ಕೊಡುತ್ತಿದ್ದ ಆ ಕ್ರಮಸಂಖ್ಯೆಗಳು ಅಧಿಕಾರಿಗಳ ಪೂರ್ಣ ಗಾತ್ರದ ಖಡ್ಗಗಳಿಗೆ. ಕಂಪನಿ ಖಡ್ಗ ತಯಾರಿಕೆಯನ್ನೇ 2005ರಲ್ಲಿ ನಿಲ್ಲಿಸಿದೆ.

ಸೋಲಿಂಗೆನ್ ಪೀಸ್‌ಗಳಿಗೆ ಹೆಚ್ಚು ಬೆಲೆ, ಹೆಚ್ಚು ಮೋಸ. ಕಂಪನಿಗಳ ಗುರುತು ಬಾಯಿಪಾಠವಾಗಿರಲಿ: ಕಾರ್ಲ್ ಐಕ್‌ಹಾರ್ನ್‌ನದು ಖಡ್ಗ ಹಿಡಿದ ಅಳಿಲು, ಡಬ್ಲ್ಯುಕೆಸಿಯದು ರಾಜನ ತಲೆ ಮತ್ತು ಯೋಧನ ಶಿರಸ್ತ್ರಾಣ, ಅಲ್ಕೊಸೊದ್ದು ತಕ್ಕಡಿ, ಹೊಲ್ಲರ್‌ನದು ಥರ್ಮಾಮೀಟರ್, ರಾಬರ್ಟ್ ಕ್ಲಾಸ್‌ನದು ಎದುರುಬದುರು ನಿಂತ ಎರಡು ಕೊಕ್ಕರೆ. ಗೇಣುದ್ದದ ಐಕ್‌ಹಾರ್ನ್ ಕಿರುಪ್ರತಿಯಲ್ಲಿ ಅಳಿಲು ಅಕ್ಕಿಕಾಳಿಗಿಂತ ತುಸು ದೊಡ್ಡದು ಅಷ್ಟೆ, ಆದರೂ ಲೂಪಿನಡಿ ಬಾಲ ಬೇರೆ, ಖಡ್ಗ ಬೇರೆ ಎಂದು ಕಾಣಬೇಕು. ಅಳಿಲೋ ಇಲಿಯೋ ಎಂದು ಅನುಮಾನ ಬಂದರೆ ಇಲಿಯೇ ಸರಿ. ಜರ್ಮನ್ ಬರಹ ಇರುವ ಅಲಗಿನಲ್ಲಿ ಸ್ವರಾಕ್ಷರದ ಮೇಲಿನ ಎರಡು ಚುಕ್ಕೆ ಬಿಟ್ಟುಹೋಗಿವೆಯೇ ನೋಡಿ. ಭಾಷೆ ಗೊತ್ತಿಲ್ಲದವರು ನಕಲು ಮಾಡುವಾಗ ಮೊದಲು ಕಳೆದುಹೋಗುವುದು ಅವೇ. ಹಿಡಿಯ ತುದಿಯ ಗುಬ್ಬಿ ತಿರುಗಿಸಿ ಬಿಚ್ಚುವಂತಿದ್ದರೆ ಬಿಚ್ಚಿಸಿ. ಅಲಗಿನಿಂದ ಮುಂದುವರಿದ ಸಪೂರ ಬಾಲ ಹಿಡಿಯ ಉದ್ದಕ್ಕೂ ಹಾದು, ತುದಿಯಲ್ಲಿ ಸ್ಕ್ರೂವಿನಂಥ ತಿರುಪು ಇದ್ದು, ಗುಬ್ಬಿ ಅದಕ್ಕೆ ಕೂರಬೇಕು. ಒಳಗೆ ಎಪಾಕ್ಸಿ ಅಂಟು ಕಂಡರೆ, ಅಥವಾ ಬಾಲ ಅರ್ಧ ಇಂಚಿಗೇ ನಿಂತು ಬೇರೊಂದು ಸ್ಕ್ರೂ ಬೆಸೆದಿದ್ದರೆ, ದುರಸ್ತಿಯೋ ನಕಲಿಯೋ ಎಂದು ತೀರ್ಮಾನಿಸುವ ಗೋಜಿಗೆ ಹೋಗದೆ ಅಲಂಕಾರದ ಬೆಲೆಯನ್ನಷ್ಟೇ ಹೇಳಿ.

ಹಿಡಿಗೆ ಕಟ್ಟಿದ ಜರಿದಾರದ ಗೊಂಡೆಗೆ ನೇರಳೆ ಟಾರ್ಚು ಹಿಡಿದರೆ ಯುದ್ಧಾನಂತರದ ದಾರ ನೀಲಿಬಿಳುಪಾಗಿ ಉರಿಯುತ್ತದೆ. ಹಳೆಯ ದಾರ ಮಂಕಾಗಿಯೇ ಉಳಿಯುತ್ತದೆ. ಸೋಪಿನ ಪುಡಿಯಲ್ಲಿ ತೊಳೆದ ಹಳೆಯ ಹತ್ತಿಯೂ ಉರಿಯುವುದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡಬಾರದು. ಹಿಡಿ ಆನೆದಂತದ್ದು ಎಂದರೆ ಅಡ್ಡ ಕೊಯ್ತದ ಮುಖದಲ್ಲಿ ಒಂದನ್ನೊಂದು ದಾಟುವ ಬಾಗುಗೆರೆಗಳ ಜಾಲ ಇರಬೇಕು, ಸೆಲ್ಯುಲಾಯ್ಡಿನಲ್ಲಿ ಸಮಾನಾಂತರ ಗೆರೆ ಮಾತ್ರ. ಕಾಯಿಸಿದ ಸೂಜಿ ಚುಚ್ಚುವ ಹಳೇ ಪರೀಕ್ಷೆ ಬೇಡ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ನಿಜವಾದ ದಂತವೇ ಆಗಿದ್ದರೆ ಇನ್ನೂ ಬೇಡ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದರ ವ್ಯಾಪಾರ ಅಪರಾಧ.

ನಮ್ಮ ನೆಲದ ಕೆಲಸಕ್ಕೆ ಬಂದರೆ ಉದಯಪುರದ ಕೋಫ್ತಗಿರಿ ಕಿರುಬಾಕುಗಳು ಇಲ್ಲಿ ಚೆನ್ನಾಗಿ ಸಿಗುತ್ತವೆ. ಉಕ್ಕಿನ ಮೇಲೆ ಅಡ್ಡಡ್ಡ ಗೀರು ಹಾಕಿ ಚಿನ್ನ, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವ ಕೆಲಸ ಅದು. ತಂತಿ ಕಿತ್ತುಹೋದ ಕಡೆ ಲೂಪಿನಲ್ಲಿ ಆ ಗೀರಿನ ಜಾಲರಿ ಕಂಡರೆ ಅಪ್ಪಟ. ನುಣ್ಣನೆ ಲೋಹ ಕಂಡರೆ ಚಿನ್ನದ ಬಣ್ಣ ಬಳಿದದ್ದು. "ಡಮಾಸ್ಕಸ್" ಅಲೆಗಳ ಅಲಗಿನಲ್ಲಿ ಬೆನ್ನನ್ನು ನೋಡಿ: ಅಲೆ ಬೆನ್ನಿನ ಮೇಲೂ ಹಾದು ಆಚೆ ಬದಿಗೆ ಇಳಿದಿರಬೇಕು, ಮುಖದಲ್ಲೇ ನಿಂತಿದ್ದರೆ ಆಮ್ಲದಲ್ಲಿ ಬಿಡಿಸಿದ ಚಿತ್ರ. ಗೂರ್ಖಾಗಳ ಬಾಗುಚೂರಿ ಕುಕ್ರಿಯ ಕಿರುಪ್ರತಿಗೆ ಅಲಗಿನ ಬುಡದ ಕಚ್ಚು, ಒರೆಯ ಹಿಂದೆ ಕರ್ದಾ, ಚಕ್ಮಕ್ ಎಂಬ ಎರಡು ಮರಿಚೂರಿ ಇರಬೇಕು, ಎರಡರಲ್ಲಿ ಒಂದು ಮೊಂಡು. ಎರಡೂ ಒಂದೇ ತಗಡಿನ ಚೂಪು ತುಂಡಾಗಿದ್ದರೆ ಸ್ಮರಣಿಕೆ. ಬಿದ್ರಿ ಎಂದು ಮಾರುವ ಕಪ್ಪು ಹಿಡಿಗಳ ಬಗ್ಗೆ ಕನ್ನಡಿಗರಿಗೆ ಹೆಚ್ಚು ಹೇಳಬೇಕಿಲ್ಲ. ಸತು, ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪಾಗಿಸುವ ಕೆಲಸದಲ್ಲಿ ಬೆಳ್ಳಿ ಮತ್ತು ಕಪ್ಪು ಒಂದೇ ಮಟ್ಟದಲ್ಲಿರುತ್ತವೆ, ಉಗುರು ಎಳೆದರೆ ತಡೆಯುವುದಿಲ್ಲ. ಇಲ್ಲಿನ ಹಲವು ಪೀಸ್‌ಗಳಲ್ಲಿ ಉಗುರಿಗೆ ಬೆಳ್ಳಿ ಬಣ್ಣ ಸಿಕ್ಕಿ ಎದ್ದು ಬರುತ್ತದೆ. ಬಿದ್ರಿ ಬೇಕಿದ್ದರೆ ಬೀದರಿನಿಂದಲೇ ತರಿಸಿಕೊಳ್ಳಿ.

ಮನೆಗೆ ತಂದ ಮೇಲೆ, ಬಿಡಿಯಾಗಿ ಸಿಗುವ ಲೋಹದ ಭಾಗಗಳಿಗೆ ನೀರಿನ ಪರೀಕ್ಷೆ ಮಾಡಬಹುದು. ಗ್ರಾಮಿನ ಹತ್ತನೇ ಒಂದಂಶ ತೋರಿಸುವ ತಕ್ಕಡಿಯಲ್ಲಿ ಒಣ ತೂಕ ಬರೆದುಕೊಳ್ಳಿ. ನೀರಿನ ಲೋಟ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಭಾಗವನ್ನು ದಾರದಲ್ಲಿ ಕಟ್ಟಿ, ತಳ, ಗೋಡೆ ಮುಟ್ಟದಂತೆ ಪೂರ್ತಿ ಮುಳುಗಿಸಿ. ಈಗ ತೋರುವ ಗ್ರಾಮುಗಳಿಂದ ಒಣ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಹಿತ್ತಾಳೆಗೆ 8.5ರ ಆಸುಪಾಸು, ಉಕ್ಕಿಗೆ 7.8, ಸತುವಿನ ಎರಕಕ್ಕೆ 6.7, ಸ್ಟರ್ಲಿಂಗ್ ಬೆಳ್ಳಿಗೆ 10.3. ಅರವತ್ತು ಗ್ರಾಮಿನ ಹಿತ್ತಾಳೆ ಹಿಡಿ ಏಳು ಗ್ರಾಮ್ ತೋರಿಸಿದರೆ, ಅದೇ ತೂಕದ ಸತು ಒಂಬತ್ತು ತೋರಿಸುತ್ತದೆ. ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಲೆಕ್ಕ ಕೆಡುತ್ತದೆ. ಮರದ ಹಿಡಿ, ಚರ್ಮದ ಒರೆಗೆ ಈ ಪರೀಕ್ಷೆ ಬೇಡವೇ ಬೇಡ. ಬೆಳ್ಳಿಯದು ಎಂದು ಕೊಂಡದ್ದರ ಮೇಲೆ "ಇಪಿಎನ್ಎಸ್" ಎಂದಿದ್ದರೆ ತಕ್ಕಡಿಯನ್ನು ಹೊರತೆಗೆಯುವುದೇ ವ್ಯರ್ಥ. ಬೇರೆ ಲೋಹದ ಮೇಲೆ ಬೆಳ್ಳಿಯ ತೆಳು ಲೇಪನ ಎಂದು ಅದೇ ಒಪ್ಪಿಕೊಂಡಿದೆ.

ಸೇವೆಯ ವಿಷಯ. ಮಟನ್ ಸ್ಟ್ರೀಟಿನ ಅಂಗಡಿಯವರು ಮುಟ್ಟಲು, ಬಿಚ್ಚಲು ಬೇಸರಿಸುವುದಿಲ್ಲ, ಇದು ದೊಡ್ಡ ಗುಣ. ಚೌಕಾಸಿ ಹೇಳಿದ ಬೆಲೆಯ ಮೂರನೇ ಒಂದರಿಂದ ಶುರುವಾದರೆ ಯಾರಿಗೂ ಅವಮಾನವಿಲ್ಲ. ಬಿಲ್ಲಿನ ವಿಷಯದಲ್ಲಿ ಮಾತ್ರ ನಿರಾಸೆ. "ಹಿತ್ತಾಳೆ ಶೋಪೀಸ್" ಎಂದು ಬರೆದುಕೊಡುತ್ತಾರೆ, ಬಾಯಲ್ಲಿ ಹೇಳಿದ ಇತಿಹಾಸ ಬಿಲ್ಲಿಗೆ ಇಳಿಯುವುದಿಲ್ಲ. ಬೆಲೆ ಕುದುರುವ ಮುನ್ನವೇ "ಸೋಲಿಂಗೆನ್, 1930ರ ದಶಕ, ಎಂದು ಬಿಲ್ಲಿನಲ್ಲಿ ಬರೆಯುತ್ತೀರಾ ಭಾಯ್?" ಎಂದು ಕೇಳಿ ನೋಡಿ. ಬರೆಯಲು ಒಪ್ಪಿದರೆ ಹೆಚ್ಚು ಕೊಡುವ ಯೋಚನೆ ಮಾಡಬಹುದು. ಒಪ್ಪದಿದ್ದರೆ ಶೋಪೀಸಿನ ಬೆಲೆಗೇ ಅಂಟಿಕೊಳ್ಳಿ.

ಪುಣೆಯವರಿಗೆ ಬುಧವಾರ, ಭಾನುವಾರದ ಜುನಾ ಬಜಾರ್ ಇದೆ. ದಂಡಿನ ಊರು, ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಹತ್ತಿರ, ಹಾಗಾಗಿ ಅಶೋಕ ಸಿಂಹದ ಪಲ್ಟನ್ ಕಾಣಿಕೆಗಳನ್ನು ಹುಡುಕಲು ಅದು ಮುಂಬಯಿಗಿಂತ ಮೇಲು. ಸೋಲಿಂಗೆನ್ ಆಸೆ ಇಟ್ಟುಕೊಂಡು ಹೋಗಬೇಡಿ. ಕೊಳ್ಳುವ ಮುನ್ನ ಬಾಜೀರಾವ್ ರಸ್ತೆಯ ಕೇಳ್ಕರ್ ವಸ್ತುಸಂಗ್ರಹಾಲಯದ ಆಯುಧಗಳನ್ನು ನೋಡಿಕೊಂಡರೆ ಫಿರಂಗಿ (ತೋಪಲ್ಲ, ಪರದೇಶಿ ಅಲಗಿನ ಖಡ್ಗ), ಪಟ್ಟಾ (ಕೈಗವಸಿನಂಥ ಹಿಡಿಯ ಖಡ್ಗ) ಇವುಗಳ ಹಿಡಿಯ ನಿಜವಾದ ಆಕಾರ ಕಣ್ಣಿಗೆ ಕೂರುತ್ತದೆ. ಗೋವಾದ ಅಂಜುನಾ ಬುಧವಾರದ ಸಂತೆಯಲ್ಲಿ "ಪೋರ್ಚುಗೀಸ್ ಬಾಕು" ಎಂದು ಸಿಗುವುದು ಬಹುಪಾಲು ರಾಜಸ್ಥಾನದ ಮಾಲು. ಬೆಲೆ ಪ್ರವಾಸಿಗರಿಗೆ ಹಾಕಿದ್ದು. ನೋಡಿ ಬನ್ನಿ, ಅಷ್ಟೆ.

ಕಾನೂನು ಚಿಕ್ಕದಾದ ವಸ್ತುವಿಗೂ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಖಡ್ಗ, ಬಾಕು ಮೊದಲಾದ ಹರಿತ ಆಯುಧಗಳಿಗೆ 9 ಇಂಚು ಉದ್ದ, 2 ಇಂಚು ಅಗಲ ಎಂಬ ಅಲಗಿನ ಗಡಿ ಇದೆ. ಸ್ಕೇಲು ಇಲ್ಲಿಯೂ ಕೆಲಸಕ್ಕೆ ಬರುತ್ತದೆ: ಹಿಡಿ ಬಿಟ್ಟು ಅಲಗನ್ನಷ್ಟೇ ಅಳೆದು, ಗಡಿಯೊಳಗಿನ ಮೊಂಡು ಪೀಸನ್ನೇ ಆರಿಸಿ, ಬಿಲ್ಲನ್ನು ಜತೆಗಿಟ್ಟುಕೊಳ್ಳಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಿದರೆ ತಪಾಸಣೆಯಲ್ಲಿ ಕಳೆದುಕೊಳ್ಳುತ್ತೀರಿ, ಬುಕ್ ಮಾಡುವ ಸಾಮಾನಿನಲ್ಲಿ ಇಡಿ. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯಿದೆಯಡಿ ಬರುತ್ತದೆ, ದೇಶದಿಂದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಗನಿಗೋ ಅಳಿಯನಿಗೋ ಕಳಿಸುವುದಿದ್ದರೆ, ಹೊಸದೇ ಆದರೂ ಹಳೆಯದರಂತೆ ಕಾಣುವ ಪೀಸಿಗೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ "ಪುರಾತನವಲ್ಲ" ಎಂಬ ಪ್ರಮಾಣಪತ್ರ ಪಡೆಯುವುದು ಕ್ಷೇಮ. ಮುಂಬಯಿ ವಲಯದ ಕಚೇರಿ ಸಾಯನ್ ಕೋಟೆಯಲ್ಲಿದೆ.

ಜೋಪಾನದ ಮಾತು ಎರಡೇ. ಚರ್ಮದ ಒರೆಯೊಳಗೆ ಅಲಗನ್ನು ಇಟ್ಟು ಮರೆಯಬೇಡಿ: ಚರ್ಮ ಹದ ಮಾಡಿದ ರಾಸಾಯನಿಕ ಮುಂಬಯಿಯ ಮಳೆಗಾಲದ ತೇವ ಹೀರಿ ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ತರುತ್ತದೆ. ಒರೆ ಬೇರೆ, ಅಲಗು ಬೇರೆ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬಿಯಲ್ಲಿಡಿ. ಕೊಬ್ಬರಿ ಎಣ್ಣೆ ಹಚ್ಚುವುದು ಬೇಡ, ಹೊಲಿಗೆ ಯಂತ್ರದ ಎಣ್ಣೆಯ ತೆಳು ಪದರ ಸಾಕು. ಬ್ರಾಸೋ ಎಂಬ ಲೋಹದ ಪಾಲಿಷ್ ಅಂತೂ ಹತ್ತಿರ ತರಬೇಡಿ: ಅದರೊಳಗಿನ ಉಜ್ಜುಪುಡಿ ಮೊದಲು ನಿಕ್ಕಲ್ ಲೇಪನವನ್ನು, ಆಮೇಲೆ ಆಮ್ಲದ ಬರಹವನ್ನು ಎತ್ತಿಬಿಡುತ್ತದೆ, ಆಮೇಲೆ ಆ ಪೀಸನ್ನು ಮಾರಲು ಹೋದಾಗ ಇದೇ ಬೀದಿಯವರು ಲೂಪ್ ಹಿಡಿದು "ನಯಾ ಹೈ" ಎನ್ನುತ್ತಾರೆ.